ಕರೆದರೆ ಓ ಅನ್ನಬೇಕು: ಹಡಗಿನವರ ಕೂಗುಗಳ ಕತೆ

ರಾತ್ರಿ ಹೊತ್ತು. ಬಂದರಿನಲ್ಲಿ ಬ್ರಿಟಿಷ್ ಯುದ್ಧನೌಕೆಯೊಂದು ಲಂಗರು ಹಾಕಿ ನಿಂತಿದೆ. ಕತ್ತಲಲ್ಲಿ ಹುಟ್ಟು ಹಾಕುವ ಸಪ್ಪಳ ಕೇಳುತ್ತದೆ. ಯಾವುದೋ ಸಣ್ಣ ದೋಣಿ ಹತ್ತಿರ ಬರುತ್ತಿದೆ, ಯಾರಿದ್ದಾರೆ ಅಂತ ಕಾಣುವುದಿಲ್ಲ. ಹಡಗಿನ ಮೇಲೆ ಕಾವಲಿಗೆ ನಿಂತವನು ಕೂಗುತ್ತಾನೆ: "ಬೋಟ್ ಅಹೋಯ್!" ದೋಣಿಯಿಂದ ಉತ್ತರ ಬರುತ್ತದೆ: "ನೋ, ನೋ!"

ನಮಗೆ ಕೇಳಿಸಿದರೆ ಏನನ್ನಿಸುತ್ತದೆ? ಯಾರೋ ಬೇಡ ಬೇಡ ಅನ್ನುತ್ತಿದ್ದಾರೆ ಅಂತ, ಅಲ್ವಾ? ಕಾವಲಿನವನಿಗೆ ಹಾಗಲ್ಲ. ದೋಣಿ ತನ್ನ ಹಡಗಿಗೇ ಬರುತ್ತಿದೆ, ಅದರಲ್ಲಿರುವವರು ಕೆಳದರ್ಜೆಯವರು, ಸ್ವಾಗತಕ್ಕೆ ಯಾರನ್ನೂ ಎಬ್ಬಿಸಬೇಕಾಗಿಲ್ಲ ಎಂಬುದು ಅವನಿಗೆ ಆ ಎರಡು ಪದಗಳಲ್ಲೇ ಗೊತ್ತಾಯಿತು. ದೋಣಿಯಲ್ಲಿ ಅಧಿಕಾರಿಯೊಬ್ಬರು ಇದ್ದಿದ್ದರೆ ಉತ್ತರ "ಆಯ್ ಆಯ್" ಎಂದು ಬರುತ್ತಿತ್ತು. ಹಡಗಿನ ಹೆಸರನ್ನೇ ಕೂಗಿದರೆ, ಉದಾಹರಣೆಗೆ "ವಿಕ್ಟರಿ" ಎಂದರೆ, ವಿಕ್ಟರಿ ಹಡಗಿನ ಕ್ಯಾಪ್ಟನ್ನೇ ದೋಣಿಯಲ್ಲಿದ್ದಾರೆ ಅಂತ. "ಫ್ಲ್ಯಾಗ್" ಅಂದರೆ ಅಡ್ಮಿರಲ್ ಬಂದರು, ಎದ್ದು ಓಡಿ! "ಪಾಸಿಂಗ್" ಅಂದರೆ ನಾವು ನಿಮ್ಮಲ್ಲಿಗೆ ಬರುತ್ತಿಲ್ಲ, ಸುಮ್ನೆ ಹಾದು ಹೋಗುತ್ತಿದ್ದೇವೆ.

ನನಗೆ ಹಡಗಿನವರ ಕೂಗುಗಳ ಮೇಲೆ ಆಸಕ್ತಿ ಹುಟ್ಟಿದ್ದೇ ಈ "ನೋ ನೋ"ದಿಂದ. ಅಲ್ಲಿಯತನಕ "ಅಹೋಯ್" ಎಂದರೆ ಮಕ್ಕಳ ಕಾರ್ಟೂನಿನಲ್ಲಿ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದ ಕಡಲ್ಗಳ್ಳ ಹೇಳುವ ಮಾತು ಅಂದುಕೊಂಡಿದ್ದೆ. ನಿಜಕ್ಕೂ ಅದು ಒಂದು ಜೋಡಿಯ ಅರ್ಧ ಭಾಗ. ಕಡಲಿನಲ್ಲಿ ಯಾವ ಕೂಗೂ ಒಂಟಿಯಲ್ಲ. ಒಬ್ಬ ಕರೆಯಬೇಕು, ಇನ್ನೊಬ್ಬ ಓ ಅನ್ನಬೇಕು. ಓ ಬಾರದಿದ್ದರೆ ಕರೆದದ್ದು ಲೆಕ್ಕಕ್ಕಿಲ್ಲ. ಕನ್ನಡದಲ್ಲಿ ಇದಕ್ಕೆ ಚೆಂದದ ಮಾತೇ ಇದೆ: ಓಗೊಡುವುದು. ಈ ಒಂದು ಪದ ಕೈಯಲ್ಲಿ ಹಿಡಿದುಕೊಂಡರೆ ಹಡಗಿನವರ ವಿಚಿತ್ರ ಕೂಗುಗಳೆಲ್ಲ ಅರ್ಥವಾಗುತ್ತಾ ಹೋಗುತ್ತವೆ.

ಮೊದಲು ಅಹೋಯ್. ಇಂಗ್ಲಿಷಿನಲ್ಲಿ "ಹೋಯ್" ಎಂಬ ಕೂಗು 14ನೇ ಶತಮಾನದಷ್ಟು ಹಳೆಯದು. ಕಡಲಿಗೂ ಅದಕ್ಕೂ ಆಗ ನಂಟಿರಲಿಲ್ಲ. ಹೊಲದಲ್ಲಿ, ದನ ಹೊಡೆಯುವಾಗ, ದೂರದವರನ್ನು ಕರೆಯುವಾಗ ಬಾಯಿಗೆ ಬರುವ ಸದ್ದು ಅದು. ಅದರ ಮುಂದೆ "ಅ" ಸೇರಿ "ಅಹೋಯ್" ಆಗಿ ಅಚ್ಚಾಗಿದ್ದು 18ನೇ ಶತಮಾನದ ನಡುವಿನಲ್ಲಿ. ಹಿಂದೆ ಉತ್ತರ ಯುರೋಪಿನಿಂದ ಕಡಲ ದಾಳಿಗೆ ಹೊರಡುತ್ತಿದ್ದ ವೈಕಿಂಗರ ಯುದ್ಧದ ಕೂಗಿನಿಂದ ಬಂತು ಎಂಬ ಮಾತು ಅಲ್ಲಲ್ಲಿ ಓದಲು ಸಿಗುತ್ತದೆ. ಅದಕ್ಕೆ ಗಟ್ಟಿ ಆಧಾರವಿಲ್ಲ. ದೂರದವರನ್ನು ಕರೆಯಲು ಮನುಷ್ಯನ ಗಂಟಲು ತಾನಾಗಿ ಹೊರಡಿಸುವ ಸದ್ದಿಗೆ ವೈಕಿಂಗರೇ ಯಾಕೆ ಬೇಕು? ಕುಂದಾಪುರದ ಕಡೆಯವರು ಈಗಲೂ ಮಾತು ಶುರು ಮಾಡುವುದು "ಹ್ವಾಯ್" ಎಂದೇ. ಅದಕ್ಕೂ ಇಂಗ್ಲಿಷಿನ ಹೋಯ್‌ಗೂ ಸಂಬಂಧವಿಲ್ಲ. ಗಂಟಲು ಮಾತ್ರ ಒಂದೇ.

1769ರಲ್ಲಿ ವಿಲಿಯಂ ಫಾಲ್ಕನರ್ ಎಂಬ ಸ್ಕಾಟ್ಲೆಂಡಿನ ನಾವಿಕ ಹಡಗಿನ ಪದಗಳ ನಿಘಂಟೊಂದನ್ನು ಅಚ್ಚು ಹಾಕಿಸಿದ. ಅವನು ಕವಿಯೂ ಹೌದು. ಆ ನಿಘಂಟಿನಲ್ಲಿ ಈ ಜೋಡಿ ಸ್ಪಷ್ಟವಾಗಿದೆ. ಹಡಗಿನ ಯಜಮಾನ ಪಟಸ್ತಂಭದ ಮೇಲೆ ಇರುವವರಿಗೆ ಏನಾದರೂ ಹೇಳಬೇಕಾದರೆ ಮೊದಲು "ಮೇನ್‌ಟಾಪ್, ಹೋಯ್!" ಎಂದು ಕೂಗಬೇಕು. ಮೇಲಿನವರು "ಹೊಲ್ಲೋ!" ಎನ್ನಬೇಕು. ಅಂದರೆ, ಕೇಳಿಸಿತು, ಹೇಳಿ. ಅಪ್ಪಣೆ ಬರುವುದು ಆಮೇಲೆ. ಹೋಯ್ ಎಂಬುದು ಕರೆ, ಹೊಲ್ಲೋ ಎಂಬುದು ಓಗೊಟ್ಟದ್ದು. ಈ ಹೊಲ್ಲೋವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ಪಾಪ, ಫಾಲ್ಕನರ್ ಅದೇ ವರ್ಷ "ಅರೋರ" ಎಂಬ ಹಡಗು ಹತ್ತಿ ಭಾರತಕ್ಕೆ ಹೊರಟ. ಡಿಸೆಂಬರಿನಲ್ಲಿ ಹಡಗು ಕೇಪ್‌ಟೌನ್ ಬಿಟ್ಟಿತು. ಆಮೇಲೆ ಅದನ್ನು ಯಾರೂ ನೋಡಲಿಲ್ಲ.

ಈ ಕೂಗುಗಳೆಲ್ಲ ಯಾಕೆ "ಓ", "ಆ", "ಆಯ್" ಎಂದೇ ಇರುತ್ತವೆ? ಗಾಳಿ ಬೀಸುವಾಗ ನೀವೇ ಒಮ್ಮೆ ಕೂಗಿ ನೋಡಿ. ಸ, ಫ, ತ ಇಂಥ ಅಕ್ಷರಗಳ ಸದ್ದು ತೆಳು. ಅಲೆ, ಗಾಳಿ, ಹಾಯಿಯ ಪಟಪಟ ಸದ್ದಿನಲ್ಲಿ ಅವು ಮೊದಲು ಸಾಯುತ್ತವೆ. ಉಳಿಯುವುದು ಬಾಯಿ ತೆರೆದು ಎಳೆದು ಹೇಳಿದ ಸ್ವರ. ಅದಕ್ಕೇ ಹಡಗಿನವರ ಕರೆಗಳಲ್ಲಿ ವ್ಯಂಜನ ಕಡಿಮೆ, ಎಳೆತ ಜಾಸ್ತಿ. ನೆಲ ಕಂಡರೆ "ಲ್ಯಾಂಡ್ ಹೋ!" ಇನ್ನೊಂದು ಹಡಗಿನ ಹಾಯಿ ಕಂಡರೆ "ಸೇಲ್ ಹೋ!" ಇಲ್ಲಿಯೂ ಓಗೊಡುವುದು ಇದ್ದೇ ಇದೆ. ಮೇಲಿನವನು "ಸೇಲ್ ಹೋ" ಅಂದ ಕೂಡಲೇ ಕೆಳಗಿನಿಂದ "ವೇರ್ ಅವೇ?" ಎಂಬ ಪ್ರಶ್ನೆ ಹೋಗುತ್ತದೆ. ಯಾವ ಕಡೆ ಅಂತ. ಅವನು ದಿಕ್ಸೂಚಿಯ ಲೆಕ್ಕದಲ್ಲಿ ಉತ್ತರಿಸುತ್ತಾನೆ. ಆಗಿನ ದಿಕ್ಸೂಚಿಯಲ್ಲಿ 32 ಭಾಗ, ಒಂದೊಂದು ಭಾಗ ಹನ್ನೊಂದೂಕಾಲು ಡಿಗ್ರಿ. "ಹಡಗಿನ ಮೂತಿಯಿಂದ ಬಲಕ್ಕೆ ಎರಡು ಭಾಗ" ಎಂದರೆ ಕೆಳಗಿನವರಿಗೆ ಎಲ್ಲಿ ನೋಡಬೇಕು ಅಂತ ಗೊತ್ತು.

ಇನ್ನು "ಆಯ್ ಆಯ್". ಇದನ್ನು "ಹೌದು ಹೌದು" ಅಂತ ಅನುವಾದ ಮಾಡಿದರೆ ಕೆಟ್ಟಿತು. ಹಳೆಯ ಇಂಗ್ಲಿಷಿನಲ್ಲಿ ಒಂದು "ಆಯ್" ಅಂದರೆ ಹೌದು. ಎರಡು "ಆಯ್" ಅಂದರೆ ಬೇರೆ: "ನಿಮ್ಮ ಅಪ್ಪಣೆ ಕೇಳಿಸಿತು, ಅರ್ಥವಾಯಿತು, ಈಗಲೇ ಮಾಡುತ್ತೇನೆ." ಹೌದು ಎಂಬುದು ಪ್ರಶ್ನೆಗೆ ಉತ್ತರ. ಆಯ್ ಆಯ್ ಎಂಬುದು ಅಪ್ಪಣೆಗೆ ಉತ್ತರ. "ಹಾಯಿ ಇಳಿಸು" ಅಂದಾಗ ಹುಡುಗ "ಹೂಂ" ಅಂದರೆ ಕೇಳಿಸಿಕೊಂಡನೋ, ಒಪ್ಪಿದನೋ, ಮಾಡುತ್ತಾನೋ ಒಂದೂ ಗೊತ್ತಾಗುವುದಿಲ್ಲ. ನಮ್ಮ ಮನೆಗಳಲ್ಲಿ ಈ "ಹೂಂ"ನಿಂದ ಎಷ್ಟು ಜಗಳ ಆಗಿಲ್ಲ ಹೇಳಿ. ಹಡಗಿನಲ್ಲಿ ಅದರಿಂದ ಜೀವವೇ ಹೋಗಬಹುದು.

ಚುಕ್ಕಾಣಿಯ ಹತ್ತಿರವಂತೂ ಆಯ್ ಆಯ್ ಕೂಡ ಸಾಲದು. ಅಪ್ಪಣೆಯನ್ನು ಪದಕ್ಕೆ ಪದ ತಿರುಗಿ ಹೇಳಬೇಕು. ಅದಕ್ಕೆ ಕಾರಣವೂ ಇದೆ. ಹಡಗಿನ ಬಲಬದಿಗೆ ಇಂಗ್ಲಿಷಿನಲ್ಲಿ "ಸ್ಟಾರ್‌ಬೋರ್ಡ್". ಹಳೆಯ ಕಾಲದಲ್ಲಿ ಚುಕ್ಕಾಣಿಯ ಹುಟ್ಟು ಬಲಬದಿಗೇ ಕಟ್ಟಿರುತ್ತಿತ್ತು, ಸ್ಟಾರ್ ಎಂದರೆ ಇಲ್ಲಿ ನಕ್ಷತ್ರವಲ್ಲ, ನಡೆಸುವುದು ಅಂತ. ಎಡಬದಿಗೆ "ಲಾರ್‌ಬೋರ್ಡ್" ಎನ್ನುತ್ತಿದ್ದರು. ಎರಡನ್ನೂ ಗಾಳಿಯಲ್ಲಿ ಕೂಗಿ ನೋಡಿ. ಸ್ಟಾರ್‌ಬೋರ್ಡ್, ಲಾರ್‌ಬೋರ್ಡ್. ಮೊದಲ "ಸ್ಟ" ಗಾಳಿಗೆ ಹಾರಿಹೋದರೆ ಉಳಿಯುವುದು "ಆರ್‌ಬೋರ್ಡ್". ಎಡವೋ ಬಲವೋ? ಶತಮಾನಗಟ್ಟಲೆ ಇದನ್ನೇ ಸಹಿಸಿಕೊಂಡು, ಕೊನೆಗೆ 1844ರಲ್ಲಿ ಬ್ರಿಟಿಷ್ ನೌಕಾಪಡೆ ಲಾರ್‌ಬೋರ್ಡ್ ಬಿಟ್ಟು "ಪೋರ್ಟ್" ಎನ್ನಿ ಎಂದು ಅಪ್ಪಣೆ ಹೊರಡಿಸಿತು. ಎರಡು ವರ್ಷದ ನಂತರ ಅಮೆರಿಕದ ನೌಕಾಪಡೆಯೂ ಅದೇ ದಾರಿ ಹಿಡಿಯಿತು.

ಅಷ್ಟಕ್ಕೇ ಗೊಂದಲ ಮುಗಿಯಲಿಲ್ಲ. ಹಳೆಯ ಹಡಗುಗಳಲ್ಲಿ ಚುಕ್ಕಾಣಿಯನ್ನು ತಿರುಗಿಸಲು ಒಂದು ಉದ್ದನೆಯ ಹಿಡಿ ಇರುತ್ತಿತ್ತು. ಹಿಡಿಯನ್ನು ಬಲಕ್ಕೆ ತಳ್ಳಿದರೆ ಚುಕ್ಕಾಣಿ ಎಡಕ್ಕೆ, ಹಡಗೂ ಎಡಕ್ಕೆ. ಅಪ್ಪಣೆ ಕೊಡುತ್ತಿದ್ದದ್ದು ಹಿಡಿಯ ಲೆಕ್ಕದಲ್ಲಿ. "ಸ್ಟಾರ್‌ಬೋರ್ಡ್" ಎಂದರೆ ಹಡಗು ಎಡಕ್ಕೆ ತಿರುಗಬೇಕು! ಹಿಡಿ ಹೋಗಿ ಚಕ್ರ ಬಂದ ಮೇಲೂ ಬ್ರಿಟಿಷ್ ಹಡಗುಗಳಲ್ಲಿ ಇದೇ ರೂಢಿ ಉಳಿಯಿತು. 1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಮುಂದೆ ಹಿಮಗಡ್ಡೆ ಕಂಡಾಗ ಕೊಟ್ಟ ಅಪ್ಪಣೆ "ಹಾರ್ಡ್ ಅ ಸ್ಟಾರ್‌ಬೋರ್ಡ್". ಹಡಗು ತಿರುಗಿದ್ದು ಎಡಕ್ಕೆ. ಇದನ್ನು ಓದಿ ಚಕ್ರ ಹಿಡಿದವನು ತಪ್ಪು ಮಾಡಿದ ಅಂದುಕೊಳ್ಳುವವರು ಈಗಲೂ ಇದ್ದಾರೆ. ಅವನು ಮಾಡಿದ್ದು ಸರಿಯೇ. ಆಗಿನ ಭಾಷೆಯೇ ಹಾಗಿತ್ತು. ಹೇಳಿದ ಕಡೆಗೇ ಹಡಗು ತಿರುಗಬೇಕು ಎಂಬ ನಿಯಮ ಬ್ರಿಟನ್ನಿನಲ್ಲಿ ಜಾರಿಗೆ ಬಂದದ್ದು 1933ರಲ್ಲಿ. ಇವತ್ತು ಅಂತರರಾಷ್ಟ್ರೀಯ ಕಡಲ ಸಂಸ್ಥೆ 2001ರಲ್ಲಿ ಒಪ್ಪಿದ ಸಿದ್ಧವಾಕ್ಯಗಳ ಪಟ್ಟಿಯೇ ಇದೆ. ಅದರಲ್ಲೂ ಚುಕ್ಕಾಣಿಯ ಅಪ್ಪಣೆಯನ್ನು ತಿರುಗಿ ಹೇಳಲೇಬೇಕು.

ಕೂಗುಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಳ ಅಳೆಯುವವನದು. ಯಂತ್ರವಿಲ್ಲದ ಕಾಲದಲ್ಲಿ ಹಡಗಿನ ಅಡಿಯಲ್ಲಿ ಎಷ್ಟು ನೀರಿದೆ ಅಂತ ತಿಳಿಯಲು ಒಂದೇ ದಾರಿ: ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ನೀರಿಗೆ ಎಸೆಯುವುದು. ಅಳತೆ "ಫ್ಯಾದಮ್" ಲೆಕ್ಕದಲ್ಲಿ. ಒಂದು ಫ್ಯಾದಮ್ ಎಂದರೆ 6 ಅಡಿ, ಎರಡೂ ಕೈ ಚಾಚಿದರೆ ಎಷ್ಟಾಗುತ್ತದೋ ಅಷ್ಟು. ನಮ್ಮ "ಮಾರು" ಕೂಡ ಅದೇ. ಹೂವಾಡಗಿತ್ತಿ ಮಾರು ಹಾಕಿ ಹೂವು ಅಳೆದ ಹಾಗೆ ನಾವಿಕ ಹಗ್ಗ ಅಳೆಯುತ್ತಿದ್ದ.

ಆದರೆ ಕತ್ತಲಲ್ಲಿ ಹಗ್ಗದ ಮೇಲಿನ ಗುರುತು ಕಾಣುವುದು ಹೇಗೆ? ಕಾಣಬೇಕಾಗಿಯೇ ಇರಲಿಲ್ಲ. ಎರಡು ಮಾರಿಗೆ ಎರಡು ಸೀಳಿನ ಚರ್ಮ, ಮೂರಕ್ಕೆ ಮೂರು ಸೀಳಿನ ಚರ್ಮ. ಐದಕ್ಕೆ ಬಿಳಿ ಬಟ್ಟೆ, ಏಳಕ್ಕೆ ಕೆಂಪು ಬಟ್ಟೆ, ಹತ್ತಕ್ಕೆ ತೂತು ಇರುವ ಚರ್ಮ, ಹದಿಮೂರಕ್ಕೆ ನೀಲಿ. ಬಟ್ಟೆಗಳ ಬಣ್ಣ ಮಾತ್ರವಲ್ಲ, ನೇಯ್ಗೆಯೂ ಬೇರೆ ಬೇರೆ. ಕೈಗೆ ತಿಳಿಯದಿದ್ದರೆ ತುಟಿಗೆ ಒತ್ತಿ ನೋಡುತ್ತಿದ್ದರು. ಗುಂಡಿನ ತಳದಲ್ಲಿ ಒಂದು ಗುಳಿ, ಅದರಲ್ಲಿ ಪ್ರಾಣಿಯ ಕೊಬ್ಬು ತುಂಬಿರುತ್ತಿತ್ತು. ಮೇಲೆಳೆದಾಗ ಅದಕ್ಕೆ ಮರಳು ಅಂಟಿದೆಯೋ, ಕೆಸರೋ, ಚಿಪ್ಪಿನ ಚೂರೋ ಎಂದು ನೋಡಿ ತಾವು ಎಲ್ಲಿದ್ದೇವೆ ಎಂದು ಅಂದಾಜು ಮಾಡುತ್ತಿದ್ದರು.

ಈಗ ಕೂಗಿನ ವಿಷಯ. ಗುರುತಿರುವ ಆಳ ಸಿಕ್ಕರೆ "ಬೈ ದ ಮಾರ್ಕ್ ಸೆವೆನ್" ಎಂದು ರಾಗ ಎಳೆದು ಹೇಳಬೇಕು. ಏಳರ ಗುರುತು ಕೈಗೆ ತಾಗಿದೆ, ಖಂಡಿತ ಏಳು. ನಾಲ್ಕಕ್ಕೆ, ಆರಕ್ಕೆ, ಎಂಟಕ್ಕೆ ಗುರುತಿಲ್ಲ. ಆ ಆಳಗಳಿಗೆ "ಬೈ ದ ಡೀಪ್ ಏಟ್". ಅಂದರೆ ಗುರುತುಗಳ ನಡುವೆ ನೋಡಿ ಅಂದಾಜಿನಲ್ಲಿ ಹೇಳುತ್ತಿದ್ದೇನೆ. ಒಂದು ಪದದ ವ್ಯತ್ಯಾಸದಲ್ಲಿ ಮಾತು ಎಷ್ಟು ಖಚಿತ ಎಂಬುದನ್ನೂ ಹೇಳಿಬಿಡುವ ಈ ಜಾಣತನ ನೋಡಿ. ನಮ್ಮ ಹವಾಮಾನ ವರದಿಗಳಿಗೂ ಇಂಥದ್ದೊಂದು ಬೇಕಿತ್ತು ಅನ್ನಿಸುತ್ತದೆ.

ಮಿಸಿಸಿಪ್ಪಿ ನದಿಯ ಹಬೆ ದೋಣಿಗಳಲ್ಲೂ ಇದೇ ಪದ್ಧತಿ. ಅಲ್ಲಿ ಎರಡು ಮಾರು, ಅಂದರೆ 12 ಅಡಿ ನೀರಿದ್ದರೆ ದೋಣಿಗೆ ಭಯವಿಲ್ಲ. ಅದಕ್ಕೆ ಕೂಗು "ಮಾರ್ಕ್ ಟ್ವೇನ್". ಟ್ವೇನ್ ಎಂದರೆ ಎರಡು, ಹಳೆಯ ಇಂಗ್ಲಿಷ್ ಮಾತು. 1859ರಲ್ಲಿ ಆ ನದಿಯಲ್ಲಿ ಪೈಲಟ್, ಅಂದರೆ ದೋಣಿಗೆ ದಾರಿ ನೋಡಿ ನಡೆಸುವವನು, ಎಂಬ ಪರವಾನಗಿ ಪಡೆದ ಸ್ಯಾಮ್ಯುಯೆಲ್ ಕ್ಲೆಮೆನ್ಸ್ ಎಂಬಾತ 1863ರಲ್ಲಿ ಪತ್ರಿಕೆಗೆ ಬರೆಯುವಾಗ ಆ ಕೂಗನ್ನೇ ತನ್ನ ಹೆಸರು ಮಾಡಿಕೊಂಡ. ಮಾರ್ಕ್ ಟ್ವೇನ್ ಕನ್ನಡದಲ್ಲಿ ಹುಟ್ಟಿದ್ದರೆ "ಎರಡು ಮಾರು" ಆಗಿರುತ್ತಿದ್ದ! ಈ ಕೂಗಿಗೆ ಎರಡು ಮುಖ ಇದೆ ಎಂಬುದನ್ನೂ ಗಮನಿಸಬೇಕು. ಒಂದು ಮಾರಿನ ಜಾಗದಿಂದ ಬರುವಾಗ ಕೇಳಿಸಿದರೆ ಉಸಿರು ಬಿಡಬಹುದು. ಐದು ಮಾರಿನ ಕಡೆಯಿಂದ ಬರುವಾಗ ಕೇಳಿಸಿದರೆ ಅದು ಎಚ್ಚರಿಕೆ.

ನಡುಗಡಲಿನಲ್ಲಿ ಎರಡು ಹಡಗು ಎದುರಾದಾಗ ಏನು ಮಾತಾಡುತ್ತಿದ್ದವು? ತಿಂಗಳುಗಟ್ಟಲೆ ಬೇರೆ ಮನುಷ್ಯರ ಮುಖ ನೋಡಿರುವುದಿಲ್ಲ. 1670ರ ಹೊತ್ತಿಗೆ ಸ್ಯಾಮ್ಯುಯೆಲ್ ಮೋರ್ಲೆಂಡ್ ಎಂಬ ಇಂಗ್ಲಿಷಿನವನು ಮಾತನ್ನು ದೂರ ಕಳಿಸುವ ಕಹಳೆಯಂಥ ಕೊಳವೆಯನ್ನು ಮಾಡಿ ತೋರಿಸಿದ್ದ. ಅದನ್ನು ಬಾಯಿಗೆ ಇಟ್ಟುಕೊಂಡು ಕೂಗುತ್ತಿದ್ದರು: ಯಾವ ಹಡಗು? ಎಲ್ಲಿಂದ? ಎಲ್ಲಿಗೆ? ಹೊರಟು ಎಷ್ಟು ದಿನವಾಯಿತು? ನಮ್ಮ ಬಸ್ಸಿನಲ್ಲಿ ಪಕ್ಕ ಕೂತವರು ಕೇಳುವ ಪ್ರಶ್ನೆಗಳೇ. ಕೆಲವೊಮ್ಮೆ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ರೇಖಾಂಶ ಬರೆದು ತೋರಿಸಿ, ಇಬ್ಬರ ಗಡಿಯಾರವೂ ಸರಿಯಿದೆಯೇ ಎಂದು ತಾಳೆ ನೋಡುತ್ತಿದ್ದರು. ಹೀಗೆ ಮಾತಾಡಿಸಿದ್ದನ್ನು ಮುಂದಿನ ಬಂದರು ತಲುಪಿದ ಮೇಲೆ ತಿಳಿಸಿದರೆ, ಲಂಡನ್ನಿನ ಪತ್ರಿಕೆಗಳಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ ಅಚ್ಚಾಗುತ್ತಿತ್ತು. ಇಂಥ ಹಡಗು, ಇಂಥ ಕಡೆ ಹೋಗುತ್ತಿದ್ದದ್ದು, ಇಂಥ ಜಾಗದಲ್ಲಿ "ಮಾತಿಗೆ ಸಿಕ್ಕಿತು". ಮನೆಯವರಿಗೆ ಗಂಡನೋ ಮಗನೋ ಬದುಕಿದ್ದಾನೆ ಎಂದು ತಿಳಿಯುತ್ತಿದ್ದದ್ದು ಆ ಒಂದು ಸಾಲಿನಿಂದ.

"ಅವಾಸ್ಟ್" ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿಲ್ಲಿಸು ಎಂದಷ್ಟೇ ಅರ್ಥ. ಗಟ್ಟಿಯಾಗಿ ಹಿಡಿ ಎಂಬ ಡಚ್ ಮಾತಿನಿಂದ ಬಂದಿರಬೇಕು ಎನ್ನುತ್ತಾರೆ. ಹಗ್ಗ ಎಳೆಯುತ್ತಿರುವ ಇಪ್ಪತ್ತು ಜನರನ್ನು ಒಂದೇ ಕ್ಷಣಕ್ಕೆ ನಿಲ್ಲಿಸಬೇಕಾದರೆ ಇಂಥದ್ದೊಂದು ಪದ ಬೇಕೇ ಬೇಕು. ಅವರನ್ನು ಒಂದೇ ಕ್ಷಣಕ್ಕೆ ಎಳೆಸಲು "ಹೀವ್ ಹೋ". ಇದರ ಕೆಲಸ ನಮಗೆ ಬಿಡಿಸಿ ಹೇಳಬೇಕಾಗಿಲ್ಲ, "ಐಲೇಸಾ" ಗೊತ್ತಿರುವವರು ನಾವು. ಕರಾವಳಿಯಲ್ಲಿ ದಡದಿಂದ ಕೈರಂಪಣಿ ಬಲೆ ಎಳೆಯುವಾಗ ಎರಡೂ ಕಡೆ ಹತ್ತಾರು ಜನ. ಎಲ್ಲರ ಶಕ್ತಿ ಒಂದೇ ಏಟಿಗೆ ಬೀಳಬೇಕು. ಒಬ್ಬೊಬ್ಬರು ಒಂದೊಂದು ಕ್ಷಣಕ್ಕೆ ಎಳೆದರೆ ಬಲೆ ಅಲ್ಲೇ ಇರುತ್ತದೆ, ಕೈ ಮಾತ್ರ ಸುಲಿಯುತ್ತದೆ. ಒಬ್ಬ ಹೇಳುವುದು, ಉಳಿದವರು ಓಗೊಟ್ಟು ಎಳೆಯುವುದು. ಯುರೋಪಿನ ಹಾಯಿಹಡಗುಗಳಲ್ಲಿ ಇದೇ ಬೆಳೆದು ಹಾಡಾಯಿತು. ಹಾಯಿ ಏರಿಸಲು ಒಂದು ಬಗೆಯ ಲಯ, ಲಂಗರು ಎತ್ತುವ ಚಕ್ರ ಸುತ್ತಲು ಇನ್ನೊಂದು. ಮೊದಲಿನದರಲ್ಲಿ ಎಳೆದು ಬಿಡಬೇಕು, ಎರಡನೆಯದರಲ್ಲಿ ನಡೆಯುತ್ತಲೇ ಇರಬೇಕು.

ಇಲ್ಲಿ ನಮ್ಮ ಕಡೆಯ ಕತೆಯೊಂದು ಸೇರಿಕೊಳ್ಳುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಕಾಲದ ಹಡಗುಗಳಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಏಷ್ಯಾದವರು ಬಹಳ ಜನ. ಅವರನ್ನು "ಲಸ್ಕರ್" ಎನ್ನುತ್ತಿದ್ದರು. ಇಂಗ್ಲಿಷ್ ಅಧಿಕಾರಿ ಆಯ್ ಆಯ್ ಎಂದು ಹೇಳಿಕೊಟ್ಟು ಕೂರುವಂತಿರಲಿಲ್ಲ, ಅವನೇ ಅವರ ಭಾಷೆ ಕಲಿಯಬೇಕಾಯಿತು. ಅದಕ್ಕೆಂದೇ 1811ರಲ್ಲಿ ಥಾಮಸ್ ರೋಬಕ್ ಕಲ್ಕತ್ತದಲ್ಲಿ ಇಂಗ್ಲಿಷ್–ಹಿಂದೂಸ್ತಾನಿ ನೌಕಾ ನಿಘಂಟೊಂದನ್ನು ಹೊರತಂದ. ಆ ಭಾಷೆಯಾದರೂ ಒಂದು ಭಾಷೆಯೇ? ಹಿಂದೂಸ್ತಾನಿ, ಪೋರ್ಚುಗೀಸ್, ಅರಬ್ಬಿ, ಪಾರಸಿ, ಇಂಗ್ಲಿಷ್ ಎಲ್ಲ ಕಲಸಿದ್ದು. "ಆರಿಯಾ!" ಎಂದು ಕೂಗಿದರೆ ಹಗ್ಗ ಬಿಟ್ಟು ಇಳಿಸಬೇಕು. ಅದು ಪೋರ್ಚುಗೀಸ್ ಮಾತು.

ಚುಕ್ಕಾಣಿ ಎಂಬ ನಮ್ಮ ಪದವೂ ಇದೇ ಕಡಲ ಭಾಷೆಯ ಕೂಸು. ಅರಬ್ಬಿಯ "ಸುಕ್ಕಾನ್" ನಮ್ಮಲ್ಲಿ ಚುಕ್ಕಾಣಿಯಾಯಿತು. ಲಸ್ಕರರ ಹಡಗಿನಲ್ಲಿ ಅದನ್ನು ಹಿಡಿಯುವವನು ಸುಕ್ಕಾನಿ. ಅವನನ್ನು ಇಂಗ್ಲಿಷಿನವರು "ಸೀಕನಿ" ಮಾಡಿಕೊಂಡರು. ಇವತ್ತು ಸಮುದ್ರವನ್ನೇ ನೋಡದ ಊರಿನ ಪತ್ರಿಕೆಯಲ್ಲೂ ಯಾರೋ ಒಬ್ಬರು ಸರ್ಕಾರದ ಚುಕ್ಕಾಣಿ ಹಿಡಿಯುತ್ತಲೇ ಇರುತ್ತಾರೆ! ಬಂದರು, ಲಂಗರು ಎರಡೂ ಪಾರಸಿಯಿಂದ ಬಂದವು. ಲಸ್ಕರರ ಮೇಸ್ತ್ರಿಗೆ ಇಂಗ್ಲಿಷ್ ದಾಖಲೆಗಳಲ್ಲಿ "ಟಿಂಡಲ್" ಎಂಬ ಹೆಸರು. ಮಲ್ಪೆ, ಗಂಗೊಳ್ಳಿಯಲ್ಲಿ ಮೀನುಗಾರಿಕೆ ಬೋಟು ನಡೆಸುವವರನ್ನು ಈಗಲೂ ಕರೆಯುವುದು ತಾಂಡೇಲ ಎಂದೇ.

ಗಂಟಲು ಸೋತಲ್ಲಿ ಸೀಟಿ ಕೆಲಸಕ್ಕೆ ಬಂತು. ಹಡಗಿನ ಬೋಸನ್, ಅಂದರೆ ನಾವಿಕರ ಮೇಸ್ತ್ರಿ, ಕುತ್ತಿಗೆಗೆ ನೇತು ಹಾಕಿಕೊಳ್ಳುವ ಬಾಗಿದ ಸಣ್ಣ ಕೊಳವೆಯದು. ಅದರ ತೀಕ್ಷ್ಣ ಸದ್ದು ಬಿರುಗಾಳಿಯನ್ನೂ ಸೀಳಿ ಹೋಗುತ್ತದೆ. ಒಂದೇ ಸ್ವರ ಎಳೆದರೆ ಎಲ್ಲರೂ ಸುಮ್ಮನೆ ನಿಲ್ಲಬೇಕು, ಏರಿಸಿ ಇಳಿಸಿದರೆ ಕೆಲಸಕ್ಕೆ ಮರಳಬೇಕು. ಗಣ್ಯರು ಹಡಗು ಹತ್ತುವಾಗ ಈ ಸೀಟಿ ಊದಿ ಗೌರವಿಸುವ ಪದ್ಧತಿ ಭಾರತೀಯ ನೌಕಾಪಡೆಯಲ್ಲೂ ಇದೆ. ಅದರ ಮೂಲ ಮಾತ್ರ ತಮಾಷೆಯದು. ಹಿಂದೆ ಸಮುದ್ರ ಕುದಿಯುತ್ತಿರುವಾಗ ಬಂದ ಹಿರಿಯ ಅಧಿಕಾರಿಯನ್ನು ಕುರ್ಚಿಯಂಥ ಹಲಗೆಯಲ್ಲಿ ಕೂರಿಸಿ, ಹಗ್ಗ ಕಟ್ಟಿ, ಮೂಟೆಯಂತೆ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಎಳೆಯುವವರಿಗೆ "ಎತ್ತಿ, ನಿಲ್ಲಿಸಿ, ಇಳಿಸಿ" ಎಂದು ಹೇಳಲು ಸೀಟಿ ಊದುತ್ತಿದ್ದರು. ಮೂಟೆ ಎತ್ತುವ ಸೀಟಿಯೇ ಗೌರವದ ಸೀಟಿಯಾಯಿತು. ಮೊದಲು ಹೇಳಿದ "ಬೋಟ್ ಅಹೋಯ್" ಪ್ರಶ್ನೆಯ ಹಿಂದೆ ಈ ತಯಾರಿಯೇ ಇತ್ತು. ಯಾರು ಬರುತ್ತಿದ್ದಾರೆ ಎಂದು ಗೊತ್ತಾದರೆ ತಾನೇ ಎಷ್ಟು ಜನ ಸಾಲಾಗಿ ನಿಲ್ಲಬೇಕು ಅಂತ ತಿಳಿಯುವುದು?

ಈಗ ಆ ಹೊಲ್ಲೋ. 1876ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಟೆಲಿಫೋನಿನಲ್ಲಿ ಮೊದಲ ಮಾತಾಡಿದ. ಫೋನಿನಲ್ಲಿ ಮಾತು ಶುರು ಮಾಡಲು ಬೆಲ್‌ಗೆ ಇಷ್ಟವಿದ್ದ ಪದ "ಅಹೋಯ್". ಸರಿಯಾಗಿಯೇ ಇದೆ, ಕಾಣದ ದೂರದವರನ್ನು ಕರೆಯುವ ಪದ ತಾನೇ ಅದು. ಆದರೆ 1877ರ ಆಗಸ್ಟಿನಲ್ಲಿ ಥಾಮಸ್ ಎಡಿಸನ್ ಪಿಟ್ಸ್‌ಬರ್ಗಿನ ಒಬ್ಬರಿಗೆ ಬರೆದ ಪತ್ರದಲ್ಲಿ, ಕರೆಗಂಟೆ ಬೇಕಾಗಲಿಕ್ಕಿಲ್ಲ, "ಹಲೋ" ಎಂದು ಕೂಗಿದರೆ 10–20 ಅಡಿ ದೂರಕ್ಕೆ ಕೇಳಿಸುತ್ತದೆ ಎಂದ. ಗೆದ್ದದ್ದು ಹಲೋ. ಗಂಟೆಯೂ ಬಂತು ಅನ್ನುವುದು ಬೇರೆ ಮಾತು.

ಹಲೋ ಯಾಕೆ ಗೆದ್ದಿತು? ನನ್ನದೊಂದು ಊಹೆ ಇದೆ, ಊಹೆ ಮಾತ್ರ. ಫಾಲ್ಕನರನ ಜೋಡಿ ನೆನಪಿಸಿಕೊಳ್ಳಿ. ಹೋಯ್ ಎಂಬುದು ಕರೆ, ಹೊಲ್ಲೋ ಎಂಬುದು ಓಗೊಟ್ಟದ್ದು. ಫೋನಿಗೆ ಗಂಟೆ ಬಂದ ಮೇಲೆ ಕರೆಯುವ ಕೆಲಸವನ್ನು ಗಂಟೆಯೇ ಮಾಡುತ್ತದೆ. ಟ್ರಿಣ್ ಎಂಬುದೇ ಅಹೋಯ್. ಎತ್ತಿಕೊಂಡವರು ಓಗೊಡಬೇಕಷ್ಟೆ. ಓಗೊಡುವ ಪದ ಮೊದಲಿನಿಂದಲೂ ಹಲೋ ಬಳಗದ್ದೇ.

ದನಿ ತಂತಿ ಬಿಟ್ಟು ಗಾಳಿಗೆ ಬಂದಾಗ ಹಳೆಯ ಸಮಸ್ಯೆಯೂ ಹಿಂದೆಯೇ ಬಂತು. ಟೆಲಿಗ್ರಾಫಿನಲ್ಲಿ ಅಪಾಯಕ್ಕೆ ಎಸ್‌ಒಎಸ್ ಇತ್ತು. ಚುಕ್ಕೆ ಗೆರೆಗಳಲ್ಲಿ ಅದು ಸುಲಭ. ಬಾಯಲ್ಲಿ ಹೇಳಿದರೆ "ಎಸ್" ಗರಗರ ಸದ್ದಿನಲ್ಲಿ ಕರಗಿಹೋಗುತ್ತದೆ, ಅದೇ ಸ್ಟಾರ್‌ಬೋರ್ಡಿನ ಕತೆ. 1923ರಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೊ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್‌ಗೆ ಇಂಗ್ಲಿಷಿನವರಿಗೂ ಫ್ರೆಂಚರಿಗೂ ತಿಳಿಯುವ ಪದವೊಂದು ಬೇಕಾಗಿತ್ತು. ಅಲ್ಲಿನ ಹೆಚ್ಚಿನ ವಿಮಾನಗಳು ಪ್ಯಾರಿಸ್ಸಿಗೆ ಹೋಗಿ ಬರುತ್ತಿದ್ದವು. ನನಗೆ ಸಹಾಯ ಮಾಡಿ ಎಂಬ ಫ್ರೆಂಚ್ ಮಾತಿನ ಸದ್ದು ಇಂಗ್ಲಿಷ್ ಕಿವಿಗೆ "ಮೇಡೇ". 1927ರ ಹೊತ್ತಿಗೆ ಇಡೀ ಜಗತ್ತು ಅದನ್ನು ಒಪ್ಪಿತು, ಹಡಗುಗಳೂ ಸೇರಿ. ಮೂರು ಬಾರಿ ಹೇಳುವುದು ಯಾಕೆಂದರೆ, ಯಾರೋ ಮಾತಿನ ನಡುವೆ ಮೇಡೇ ಎಂಬ ಪದ ಬಳಸಿದ್ದಕ್ಕೂ ನಿಜವಾದ ಕರೆಗೂ ವ್ಯತ್ಯಾಸ ತಿಳಿಯಬೇಕು. ಜೀವಕ್ಕೆ ಅಪಾಯವಿಲ್ಲ ಆದರೆ ತುರ್ತು ಎಂದಾದರೆ "ಪ್ಯಾನ್ ಪ್ಯಾನ್". ಇದೂ ಫ್ರೆಂಚ್, ಕೆಟ್ಟು ನಿಂತಿದೆ ಎಂಬ ಪದದಿಂದ. ಮೇಡೇ ಕೇಳಿಸಿಕೊಂಡ ಹಡಗು "ರಿಸೀವ್ಡ್ ಮೇಡೇ" ಎನ್ನಬೇಕು. ಉಳಿದವರು ಆ ಚಾನೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡಿರಬೇಕು.

ಹಾಗೆಯೇ ಇನ್ನೊಂದು ಮಾತು. ಸಿನಿಮಾದವರು ರೇಡಿಯೊದಲ್ಲಿ "ಓವರ್ ಅಂಡ್ ಔಟ್" ಎನ್ನುತ್ತಾರಲ್ಲ, ಕಡಲಿನವರಿಗೆ ಅದನ್ನು ಕೇಳಿದರೆ ನಗು. ಓವರ್ ಎಂದರೆ ನನ್ನ ಮಾತು ಮುಗಿಯಿತು, ನೀನು ಓಗೊಡು. ಔಟ್ ಎಂದರೆ ಇನ್ನು ಮಾತಿಲ್ಲ, ಉತ್ತರ ಬೇಡ. ಎರಡನ್ನೂ ಒಟ್ಟಿಗೆ ಹೇಳುವುದೆಂದರೆ ಊಟಕ್ಕೆ ಬನ್ನಿ ಎಂದು ಬಾಗಿಲು ಹಾಕಿಕೊಂಡ ಹಾಗೆ.

ಅಹೋಯ್ ಕೊನೆಗೆ ಎಲ್ಲಿ ಹೋಯಿತು? ಕಡಲೇ ಇಲ್ಲದ ದೇಶಕ್ಕೆ. ಜೆಕ್ ಗಣರಾಜ್ಯದ ಸುತ್ತಲೂ ನೆಲವೇ. ಆದರೂ ಪ್ರಾಗ್‌ನಲ್ಲಿ ಗೆಳೆಯರು ಸಿಕ್ಕರೆ "ಅಹೋಯ್", ಬಿಡುವಾಗಲೂ "ಅಹೋಯ್". ಪಕ್ಕದ ಸ್ಲೊವಾಕಿಯಾದಲ್ಲೂ ಅಷ್ಟೇ. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ನದಿಯಲ್ಲಿ ಸಣ್ಣ ದೋಣಿ ನಡೆಸುವ, ಕಾಡು ಸುತ್ತುವ ಹುಡುಗ ಹುಡುಗಿಯರು ಇದನ್ನು ಬಾಯಿಂದ ಬಾಯಿಗೆ ಹಬ್ಬಿಸಿದರು. ನಾಜಿಗಳು ದೇಶವನ್ನು ಹಿಡಿದಾಗ ಈ ಪುಟ್ಟ ಪದಕ್ಕೆ ಗುಟ್ಟಿನ ಅರ್ಥವೂ ಬಂತು. ಅದರ ನಾಲ್ಕು ಅಕ್ಷರಗಳನ್ನು ಬಿಡಿಸಿ "ಅಡಾಲ್ಫ್ ಹಿಟ್ಲರನನ್ನು ಖಂಡಿತ ನೇಣಿಗೆ ಹಾಕುತ್ತೇವೆ" ಎಂದು ಓದಿಕೊಳ್ಳುತ್ತಿದ್ದರು. ಪದ ಹುಟ್ಟಿದ್ದು ಅಲ್ಲಿಂದಲ್ಲ. ಆದರೆ ಅಧಿಕಾರಿಯ ಮುಂದೆಯೇ ನಗುತ್ತಾ ಅಹೋಯ್ ಎನ್ನುವ ಖುಷಿ ಎಂಥದ್ದಿರಬೇಕು!

ಕಡಲಿಲ್ಲದಿದ್ದರೂ ಜೆಕ್‌ನವರಿಗೆ ಕಡಲಿಗೆ ಹೋಗುವ ನದಿ ಇದೆ. ಅವರ ಲಾಬೆ ನದಿ ಜರ್ಮನಿಗೆ ಹರಿದು ಎಲ್ಬೆ ಎನಿಸಿಕೊಂಡು ಹ್ಯಾಂಬರ್ಗ್ ಸೇರುತ್ತದೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಆದ ವರ್ಸೇಲ್ಸ್ ಒಪ್ಪಂದದ ಬಲದಿಂದ ಆ ಬಂದರಿನ ಒಂದು ತುಂಡು ಜಾಗವನ್ನು 1929ರಲ್ಲಿ ಅವರು 99 ವರ್ಷಕ್ಕೆ ಗುತ್ತಿಗೆ ಪಡೆದರು. 2028ಕ್ಕೆ ಅದು ಮುಗಿಯುತ್ತದೆ.

ಅದೇ ನದಿಯಲ್ಲಿ ಹ್ಯಾಂಬರ್ಗ್ ದಾಟಿ ಕಡಲಿನ ಕಡೆ ಸ್ವಲ್ಪ ದೂರ ಹೋದರೆ ವೇಡೆಲ್ ಎಂಬ ಊರು. ಅಲ್ಲಿ 1952ರಿಂದ ಒಂದು ವಿಚಿತ್ರ ಕೆಲಸ ನಡೆಯುತ್ತಿದೆ. ದಡದಲ್ಲಿರುವ ಊಟದ ಮನೆಯ ಪಕ್ಕ ಎತ್ತರದ ಧ್ವಜಸ್ತಂಭ. ಹಗಲಿನಲ್ಲಿ ಹಾದುಹೋಗುವ ಪ್ರತಿ ದೊಡ್ಡ ಹಡಗಿಗೂ ಅಲ್ಲಿಂದ ಧ್ವನಿವರ್ಧಕದಲ್ಲಿ ಆ ಹಡಗಿನ ದೇಶದ ರಾಷ್ಟ್ರಗೀತೆ ಹಾಕುತ್ತಾರೆ. ಹೊರಗೆ ಹೋಗುವ ಹಡಗಿಗೆ ಯು, ಡಬ್ಲ್ಯು ಎಂಬ ಎರಡು ಸಂಕೇತ ಬಾವುಟ ಕಟ್ಟುತ್ತಾರೆ. ಕಡಲಿನ ಬಾವುಟ ಭಾಷೆಯಲ್ಲಿ ಅದರ ಅರ್ಥ: ಪ್ರಯಾಣ ಸುಖವಾಗಿರಲಿ. ಕಾಫಿ ಕುಡಿಯುತ್ತಾ ಕೂತವರಿಗೆ ಆ ಹಡಗು ಯಾವುದು, ಎಷ್ಟು ದೊಡ್ಡದು ಎಂದೂ ಓದಿ ಹೇಳುತ್ತಾರೆ. ಆಮೇಲೆ ದಡದ ಸ್ತಂಭದ ಮೇಲಿನ ಹ್ಯಾಂಬರ್ಗಿನ ಬಾವುಟ ನಿಧಾನವಾಗಿ ಅರ್ಧಕ್ಕೆ ಇಳಿಯುತ್ತದೆ.

ಎಲ್ಲರ ಕಣ್ಣೂ ಆಗ ಹಡಗಿನ ಹಿಂಬದಿಯ ಮೇಲೆ. ಮೇಲೆ ಯಾರಾದರೂ ನೋಡುತ್ತಿದ್ದರೆ, ಅಲ್ಲಿಯ ಬಾವುಟವೂ ಒಮ್ಮೆ ಕೆಳಗಿಳಿದು ಮೇಲೇರುತ್ತದೆ.